ಪ್ರಾಣಿಯನ್ನು ಕೊಲ್ಲದೆ ಬೆಳೆ, ಹಿಂಡು ಉಳಿಸುವ ಉಪಾಯಗಳನ್ನು ಪರೀಕ್ಷಿಸುವ ಬಗೆ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಖಾನಾಪುರ ತಾಲ್ಲೂಕಿನ ಕಾಡಂಚಿನಲ್ಲಿ ಓಡಾಡಿದವರಿಗೆ ಹೊಲದ ಸುತ್ತ ಹಳೆಯ ಸೀರೆ ಕಟ್ಟಿದ ನೋಟ ಹೊಸದಲ್ಲ. ಗೂಟದಿಂದ ಗೂಟಕ್ಕೆ ಬಿಗಿದ ಬಣ್ಣದ ಸೀರೆ ಕಂಡರೆ ಕಾಡುಹಂದಿ ಒಳಗೆ ಕಾಲಿಡುವುದಿಲ್ಲ ಎಂದು ಒಬ್ಬ ರೈತರು ಹೇಳುತ್ತಾರೆ. ಎಂಟು ದಿನ ಅಂಜಿದ್ದು ನಿಜ, ಒಂಬತ್ತನೆಯ ರಾತ್ರಿ ಸೀರೆಯ ಕೆಳಗಿನಿಂದಲೇ ನುಸುಳಿತು ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಆದರೆ ಇಬ್ಬರ ಮಾತನ್ನೂ ಕೇಳಿಸಿಕೊಂಡ ಮೂರನೆಯ ರೈತರು ಸೀರೆಗೆ ದುಡ್ಡು ಹಾಕಬೇಕೋ ಬೇಡವೋ ಎಂಬುದು ಅಲ್ಲಿಗೂ ತೀರ್ಮಾನವಾಗುವುದಿಲ್ಲ. ಆ ತೀರ್ಮಾನಕ್ಕೆ ಬೇಕಾದ ಸಾಕ್ಷ್ಯವನ್ನು ಕಲೆಹಾಕುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಕಾಲೇಜು ವಿದ್ಯಾರ್ಥಿಗಳು, ಅಧ್ಯಾಪಕರು, ರೈತ ಉತ್ಪಾದಕ ಸಂಸ್ಥೆಗಳಲ್ಲಿ ದುಡಿಯುವವರು ಇದನ್ನು ಬಳಸಬಹುದು. ದುಬಾರಿ ಉಪಕರಣ ಬೇಕಿಲ್ಲ, ಒಂದು ಹಂಗಾಮು ಪೂರ್ತಿ ನಿಲ್ಲುವ ತಾಳ್ಮೆ ಬೇಕು.

ನನ್ನ ಒಂದು ಹಟವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಹೊಲದಿಂದ ಓಡಿದ ಹಂದಿ ಬದು ದಾಟಿ ಪಕ್ಕದ ಹೊಲಕ್ಕೆ ಹೋದರೆ ಸಂಘರ್ಷ ಕಡಿಮೆಯಾಗಲಿಲ್ಲ, ಅದರ ಯಜಮಾನ ಬದಲಾದ ಅಷ್ಟೆ. ಆದ್ದರಿಂದ ಪಕ್ಕದ ಹೊಲವನ್ನು ಎಣಿಸದ ಯಾವ ಪರೀಕ್ಷೆಯನ್ನೂ ನಾನು ಪರೀಕ್ಷೆ ಎಂದು ಒಪ್ಪುವುದಿಲ್ಲ. ಮುಂದಿನ ಹೆಜ್ಜೆಗಳೆಲ್ಲ ಈ ಮಾತಿಗೆ ಹೊಂದಿಕೊಂಡೇ ಇವೆ.

ಮೊದಲ ಹೆಜ್ಜೆ: ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳುವುದು

"ಮಾನವ-ವನ್ಯಜೀವಿ ಸಂಘರ್ಷಕ್ಕೆ ಪರಿಹಾರ" ಎಂಬ ಶೀರ್ಷಿಕೆ ಹೊತ್ತು ಬರುವ ವಿದ್ಯಾರ್ಥಿಗಳನ್ನು ನಾನು ಮೊದಲು ಕೇಳುವುದು, ಯಾವ ಪ್ರಾಣಿ, ಯಾವ ಬೆಳೆ, ಯಾವ ತಿಂಗಳು ಎಂದು. ಮೂರು ಜಿಲ್ಲೆಗಳು ಅಕ್ಕಪಕ್ಕದಲ್ಲೇ ಇದ್ದರೂ ಇಲ್ಲಿನ ತಂಟೆಗಳು ಒಂದೇ ಜಾತಿಯವಲ್ಲ. ಭೀಮಗಡ ವನ್ಯಜೀವಿಧಾಮದ ಸುತ್ತಲಿನ ಖಾನಾಪುರದ ಊರುಗಳಲ್ಲಿ ಕಾಡುಹಂದಿ, ಕಾಡುಕೋಣ, ಕರಡಿಗಳ ಜೊತೆಗೆ ದಾಂಡೇಲಿ, ಹಳಿಯಾಳದ ಕಡೆಯಿಂದ ಬರುವ ಆನೆಗಳೂ ಸೇರುತ್ತವೆ; ಭತ್ತದ ತೆನೆ ಹಾಲುಗಟ್ಟುವ ಹೊತ್ತಿನಿಂದ ರಾಶಿ ಮುಗಿಯುವವರೆಗೆ ಅಲ್ಲಿ ಕಾವಲು ತಪ್ಪಿದ್ದಲ್ಲ. ಬಾಗಲಕೋಟೆಯ ಕುರುಚಲು ಗುಡ್ಡಗಳಲ್ಲಿ, ಚಿಂಕಾರ ಎಂಬ ಜಿಂಕೆಯಂಥ ಪ್ರಾಣಿಗಾಗಿಯೇ ಘೋಷಿತವಾದ ಯಡಹಳ್ಳಿ ವನ್ಯಜೀವಿಧಾಮದ ಆಸುಪಾಸಿನಲ್ಲಿ, ಕುರಿ ಹಿಂಡಿಗೆ ತೋಳದ ಅಂಜಿಕೆ ಇರುತ್ತದೆ. ವಿಜಯಪುರದ ಎರೆಹೊಲಗಳಲ್ಲಿ ಹಂದಿಯಲ್ಲದೆ, ಎಳೆಯ ಕಡಲೆ, ಜೋಳ ಮೇಯುವ ಚಿಗರಿ (ಕೃಷ್ಣಮೃಗ) ಹಿಂಡಿನ ದೂರೂ ಕೇಳಿಬರುತ್ತದೆ. ಆನೆಗೆ ಒಪ್ಪುವ ಉಪಾಯ ಚಿಗರಿಗೆ ಒಪ್ಪಬೇಕೆಂದಿಲ್ಲ, ಭತ್ತದಲ್ಲಿ ಫಲ ಕೊಟ್ಟದ್ದು ಕಬ್ಬಿನಲ್ಲಿ ಕೊಡಬೇಕೆಂದೂ ಇಲ್ಲ.

ಹೀಗಾಗಿ ಪ್ರಶ್ನೆ ಒಂದೇ ವಾಕ್ಯದಲ್ಲಿ ಹಿಡಿಯುವಂತಿರಲಿ. "ಶೇಂಗಾ ಹೊಲದ ಸುತ್ತ ನಾಲ್ಕು ಸಾಲು ಕುಸುಬೆ ಬಿತ್ತಿದರೆ, ಬಿತ್ತನೆಯಿಂದ ಕೀಳುವವರೆಗೆ ಕಾಡುಹಂದಿಯಿಂದಾಗುವ ಹಾನಿ, ಕುಸುಬೆ ಇಲ್ಲದ ಹೊಲಕ್ಕಿಂತ ಕಡಿಮೆಯಾಗುತ್ತದೆಯೇ?" ಎಂಬುದು ಪರೀಕ್ಷಿಸಬಹುದಾದ ಪ್ರಶ್ನೆ. ನಮ್ಮ ಹಿರಿಯರು ದನ ಒಳನುಗ್ಗದಿರಲೆಂದು ಹೊಲದಂಚಿಗೆ ಕುಸುಬೆ ಹಾಕುತ್ತಿದ್ದರು, ಮುಳ್ಳಿನ ಗುಣ ಅವರಿಗೆ ಗೊತ್ತಿತ್ತು. ಅದು ಹಂದಿಯನ್ನು ಎಷ್ಟು ತಡೆಯುತ್ತದೆ ಎಂಬುದನ್ನು ನಿಮ್ಮ ಊರಿನಲ್ಲಿ ಅಳೆದು ನೋಡುವುದು ನಿಮ್ಮ ಕೆಲಸ.

ಎರಡನೆಯ ಹೆಜ್ಜೆ: ಕಾನೂನು ತಿಳಿದು ಅನುಮತಿ ಪಡೆಯುವುದು

ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 9ನೆಯ ಕಲಮು ಬೇಟೆಯನ್ನು ನಿಷೇಧಿಸುತ್ತದೆ. ಹಿಡಿಯುವುದು, ಬಲೆ ಒಡ್ಡುವುದು, ಅದಕ್ಕಾಗಿ ಅಟ್ಟುವುದು ಕೂಡ ಕಾಯ್ದೆಯ ಅರ್ಥದಲ್ಲಿ ಬೇಟೆಯೇ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅನುಸೂಚಿಗಳ (ರಕ್ಷಿತ ಪ್ರಾಣಿಗಳ ಪಟ್ಟಿಗಳ) ಪ್ರಕಾರ ಆನೆ, ಚಿರತೆ, ತೋಳ, ಕರಡಿ, ಕಾಡುಕೋಣ, ಕೃಷ್ಣಮೃಗಗಳು 1ನೆಯ ಅನುಸೂಚಿಯಲ್ಲೂ ಕಾಡುಹಂದಿ 2ನೆಯದರಲ್ಲೂ ಇವೆ. ಉರುಳು, ನಾಡಬಾಂಬು, ಬೇಲಿಯ ತಂತಿಗೆ ನೇರವಾಗಿ ಹರಿಸಿದ ಮನೆಬಳಕೆಯ ಕರೆಂಟು, ಇವೆಲ್ಲ ಕೊಲ್ಲುವ ವಿಧಾನಗಳು, ಅಪರಾಧವೂ ಹೌದು. ಹಂದಿಗೆಂದು ಕ್ಲಚ್ ತಂತಿಯಲ್ಲಿ ಕಟ್ಟಿದ ಉರುಳಿಗೆ ಚಿರತೆ, ಕರಡಿ ಸಿಕ್ಕಿಕೊಳ್ಳುತ್ತವೆ. ಹಂದಿಗೆಂದು ಹರಿಸಿದ ಕರೆಂಟಿಗೆ ಬೆಳಗಿನ ಜಾವ ನೀರು ಹಾಯಿಸಲು ಹೋದ ಮನುಷ್ಯರೇ ಬಲಿಯಾಗುತ್ತಾರೆ. ಸಂದರ್ಶನದ ವೇಳೆ ಇಂಥವನ್ನು ಯಾರಾದರೂ ಬಳಸುತ್ತಿರುವುದು ತಿಳಿದರೆ ಅದರ ಅಪಾಯವನ್ನು ಅಲ್ಲೇ ತಿಳಿಸಿ ಹೇಳಿ, ಅಂಥ ಹೊಲವನ್ನು ಪರೀಕ್ಷೆಯಿಂದ ಕೈಬಿಡಿ.

ಅಧ್ಯಯನ ಖಾಸಗಿ ಹೊಲದಲ್ಲಿದ್ದರೆ ಮಾಲೀಕರ ಲಿಖಿತ ಒಪ್ಪಿಗೆ ಪಡೆದು, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪತ್ರದ ಮೂಲಕ ತಿಳಿಸಿರಿ. ವನ್ಯಜೀವಿಧಾಮದೊಳಗೆ ಕಾಲಿಡುವುದಾದರೆ ಕಾಯ್ದೆಯ 28ನೆಯ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕ್ಯಾಮೆರಾ ಟ್ರ್ಯಾಪನ್ನು (ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾವನ್ನು) ಅರಣ್ಯದಲ್ಲಿ ಕಟ್ಟುವುದಕ್ಕೂ ಇಲಾಖೆಯ ಒಪ್ಪಿಗೆಯಿಲ್ಲದೆ ಹೊರಡಬೇಡಿ. ಅನುಮತಿಗೆ ತಿಂಗಳುಗಳೇ ಹಿಡಿಯಬಹುದಾದ್ದರಿಂದ ಭತ್ತದ ಹಂಗಾಮಿನ ಅಧ್ಯಯನಕ್ಕೆ ಬೇಸಿಗೆಯಲ್ಲೇ ಅರ್ಜಿ ಹಾಕುವುದು ಜಾಣತನ. ಮಾರ್ಗದರ್ಶಕರು ಬೇಕೆಂದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಶಿರಸಿಯ ಅರಣ್ಯ ಮಹಾವಿದ್ಯಾಲಯ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಗಳಲ್ಲಿ ವಿಚಾರಿಸಬಹುದು.

ಮೂರನೆಯ ಹೆಜ್ಜೆ: ಹಳೆಯ ದಾಖಲೆ

ಬೆಳೆಹಾನಿ, ಜಾನುವಾರು ಹಾನಿಗೆ ಜನರು ಸಲ್ಲಿಸಿದ ಪರಿಹಾರದ ಅರ್ಜಿಗಳು ಅರಣ್ಯ ಇಲಾಖೆಯಲ್ಲಿವೆ. ಯಾವ ಊರಿನಿಂದ, ಯಾವ ತಿಂಗಳಲ್ಲಿ, ಯಾವ ಬೆಳೆಗೆ ಅರ್ಜಿ ಬಂದಿತ್ತು ಎಂಬ ಐದು ವರ್ಷದ ಪಟ್ಟಿ ಸಿಕ್ಕರೆ ಎಲ್ಲಿ ಕೆಲಸ ಮಾಡಬೇಕೆಂಬುದು ಅರ್ಧ ತೀರ್ಮಾನವಾದಂತೆ. ಕೇಳಿದರೆ ಕೊಡದಿದ್ದಲ್ಲಿ ಮಾಹಿತಿ ಹಕ್ಕು ಕಾಯ್ದೆ 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ ಎಂದಿದೆ. ನಾನು ಒಮ್ಮೆ ಬೆಳೆ, ಜಾನುವಾರು, ಸೌರಬೇಲಿ ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿ ಕಳಿಸಿ, ಅದು ಹಿಂತಿರುಗಿ ಬಂದ ಮೇಲೆ ಈ ನಿಯಮ ಓದಿದವನು.

ಅರ್ಜಿಗಳ ಸಂಖ್ಯೆಯನ್ನೇ ಹಾನಿಯ ಸಂಖ್ಯೆ ಎಂದು ತಿಳಿಯಬಾರದು. ಪಹಣಿ ತಮ್ಮ ಹೆಸರಿನಲ್ಲಿ ಇಲ್ಲದ ಲಾವಣಿದಾರರು, ಕಚೇರಿಗೆ ಅಲೆಯಲು ಪುರಸೊತ್ತಿಲ್ಲದವರು, ಕಾಡೊಳಗಿನ ಗೌಳಿ ವಾಡೆಗಳವರು ಅರ್ಜಿಯನ್ನೇ ಹಾಕಿರುವುದಿಲ್ಲ. ಬಂಡೀಪುರ, ನಾಗರಹೊಳೆಯ ಸುತ್ತ 2015ರಲ್ಲಿ ಆರಂಭವಾದ ವೈಲ್ಡ್ ಸೇವೆ ಎಂಬ ಕಾರ್ಯಕ್ರಮ ರೈತರ ಪರವಾಗಿ ಅರ್ಜಿ ಬರೆದುಕೊಡುವ ಕೆಲಸವನ್ನೇ ಮುಖ್ಯವಾಗಿ ಹಿಡಿದದ್ದು ಈ ಕಾರಣಕ್ಕೆ.

ಆದ್ದರಿಂದ ಮನೆಮನೆಗೆ ಹೋಗಿ ಕೇಳುವುದೂ ಬೇಕು. ಖಾನಾಪುರದಲ್ಲಿ ಪ್ರಶ್ನಾವಳಿ ಕನ್ನಡ, ಮರಾಠಿ ಎರಡರಲ್ಲೂ ಇರಲಿ, ತಂಡದಲ್ಲಿ ಮರಾಠಿ ಮಾತಾಡುವವರು ಒಬ್ಬರಾದರೂ ಇರಲಿ. ಹೆಣ್ಣುಮಕ್ಕಳನ್ನು ಬೇರೆಯಾಗಿ ಕೇಳಿರಿ; ಹೊಲದಲ್ಲಿ ಕಾವಲಿಗೆ ಮಲಗುವವರು ಗಂಡಸರಾದರೆ, ಆ ರಾತ್ರಿಗಳಲ್ಲಿ ಮನೆ, ದನ, ಮಕ್ಕಳನ್ನು ನೋಡಿಕೊಂಡ ಲೆಕ್ಕ ಅವರ ಬಳಿ ಮಾತ್ರ ಸಿಗುತ್ತದೆ.

ನಾಲ್ಕನೆಯ ಹೆಜ್ಜೆ: ಹಾನಿ ಮಾಡಿದವರು ಯಾರೆಂದು ಖಚಿತಪಡಿಸಿಕೊಳ್ಳುವುದು

ಇದು ಎಲ್ಲರೂ ಅವಸರದಲ್ಲಿ ದಾಟಿಬಿಡುವ ಹೆಜ್ಜೆ. ಕಬ್ಬಿನ ಹೊಲದಲ್ಲಿ ಏನೇ ಮುರಿದಿರಲಿ, "ಹಂದಿ" ಎಂಬ ಉತ್ತರ ಬಾಯಲ್ಲಿ ಸಿದ್ಧವಾಗಿರುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು ಹೊಲಕ್ಕಿಳಿದು, ಬಿದ್ದ ಒಂದು ಗಣಿಕೆಯನ್ನು ಕೈಯಲ್ಲಿ ಹಿಡಿದು ನೋಡಿರಿ. ಹಂದಿ ಗಣಿಕೆಯನ್ನು ನೆಲದ ಹತ್ತಿರವೇ ಮುರಿದು, ಅಗಿದು, ರಸ ಹೀರಿ ಉಳಿದ ನಾರಿನ ಉಂಡೆಯನ್ನು ಅಲ್ಲೇ ಉಗುಳಿರುತ್ತದೆ. ಸುತ್ತಲಿನ ಮಣ್ಣನ್ನು ಮುಸುಡಿಯಿಂದ ಎಬ್ಬಿಸಿರುತ್ತದೆ. ಮುಳ್ಳುಹಂದಿ ಬುಡದಲ್ಲಿ ಉಳಿಯಿಂದ ಕೆತ್ತಿದಂತೆ ಅಚ್ಚುಕಟ್ಟಾದ ಹಲ್ಲಿನ ಗೀರು ಬಿಡುತ್ತದೆ. ನರಿಗೂ ಕಬ್ಬೆಂದರೆ ಪ್ರೀತಿ. ಹೆಗ್ಗಣದ ಕೆಲಸಕ್ಕೆ ಪಕ್ಕದಲ್ಲೇ ಬಿಲದ ಗುರುತು ಇರುತ್ತದೆ. ಇನ್ನು ಹಸಿ ಎರೆಮಣ್ಣಿನಲ್ಲಿ ಹಂದಿಯ ಗೊರಸು ಮೂಡಿದ್ದರೆ ಎರಡು ಮುಖ್ಯ ಗೊರಸಿನ ಹಿಂದೆ, ಅವುಗಳಿಗಿಂತ ಅಗಲವಾಗಿ, ಎರಡು ಚಿಕ್ಕ ಗೊರಸಿನ ಚುಕ್ಕೆಗಳು ಕಾಣುತ್ತವೆ. ಚಿಗರಿಯ ಹೆಜ್ಜೆ ಇದಕ್ಕಿಂತ ಕಿರಿದು, ಮುಂದೆ ಚೂಪು. ಊರಿನ ಬಿಡಾಡಿ ಹಂದಿಗಳ ಹೆಜ್ಜೆ ಕಾಡುಹಂದಿಯದರಂತೆಯೇ ಇರುವುದರಿಂದ ಹೆಜ್ಜೆಯೊಂದನ್ನೇ ನಂಬದೆ, ಅದು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತು ಎಂದು ಹಿಂಬಾಲಿಸಿ ನೋಡಬೇಕು.

ಕುರಿ, ಕರು ಸತ್ತಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ. ಬೀದಿನಾಯಿಗಳ ಗುಂಪು ತೊಡೆ, ಬಾಲ, ಹೊಟ್ಟೆ ಎಂದು ಸಿಕ್ಕಲ್ಲಿ ಕಚ್ಚಿರುತ್ತದೆ. ಚಿರತೆ ಸಾಮಾನ್ಯವಾಗಿ ಗಂಟಲು ಹಿಡಿಯುತ್ತದೆ. ಬೆಕ್ಕಿನ ಜಾತಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಇರುವುದಿಲ್ಲ, ನಾಯಿ, ತೋಳದ ಹೆಜ್ಜೆಯಲ್ಲಿ ಇರುತ್ತದೆ. ಆದರೆ ತೋಳದ ಹೆಜ್ಜೆಯನ್ನು ದೊಡ್ಡ ನಾಯಿಯ ಹೆಜ್ಜೆಯಿಂದ ಬೇರ್ಪಡಿಸುವುದು ಪಳಗಿದವರಿಗೂ ಕಷ್ಟ. ಗೊತ್ತಾಗದಿದ್ದರೆ "ಗೊತ್ತಿಲ್ಲ" ಎಂದೇ ನಮೂದಿಸಿರಿ; ನಿಮ್ಮ ನಮೂನೆಯಲ್ಲಿ ಆ ಖಾನೆ ಇರಲೇಬೇಕು. ನಾಯಿ ಕೊಂದ ಕುರಿಗಳನ್ನು ತೋಳದ ಲೆಕ್ಕಕ್ಕೆ ಬರೆದರೆ, ತೋಳ ತಡೆಯುವ ಯಾವ ಉಪಾಯವೂ ಫಲ ಕೊಡದಂತೆ ಕಾಣುತ್ತದೆ.

ಐದನೆಯ ಹೆಜ್ಜೆ: ಹಾನಿಯನ್ನು ಅಳೆಯುವುದು

"ಅರ್ಧ ಹೊಲ ಹೋಯಿತು" ಎಂಬ ಮಾತಿನಲ್ಲಿ ನೋವಿದೆ, ಅಳತೆಯಿಲ್ಲ. ಅಳತೆಗೆ ಒಂದು ಹಗ್ಗ, ಒಂದು ಚೌಕಟ್ಟು ಸಾಕು. ಕಾಡಿನ ಕಡೆಯ ಬದುವಿನಿಂದ ಹೊಲದ ನಡುವಿನವರೆಗೆ ಹಗ್ಗ ಹಿಡಿದು ನೇರ ಗೆರೆ ಹಾಕಿ, ಅದರ ಉದ್ದಕ್ಕೂ ಸಮಾನ ಅಂತರದಲ್ಲಿ 1 ಮೀಟರ್ ಚೌಕದ ಕಟ್ಟಿಗೆಯ ಚೌಕಟ್ಟನ್ನು ಇಟ್ಟು, ಒಳಗಿನ ಒಟ್ಟು ಗಿಡ ಎಷ್ಟು, ಹಾಳಾದದ್ದು ಎಷ್ಟು ಎಂದು ಎಣಿಸಬೇಕು. ಹಾನಿ ಅಂಚಿನಲ್ಲಿ ಹೆಚ್ಚು, ನಡುವೆ ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಅಂಚನ್ನಷ್ಟೇ ಅಳೆದರೆ ಲೆಕ್ಕ ಉಬ್ಬುತ್ತದೆ, ನಡುವನ್ನಷ್ಟೇ ಅಳೆದರೆ ಸೊರಗುತ್ತದೆ. ಕಬ್ಬಿಗೆ ಚೌಕಟ್ಟು ಹಿಡಿಸುವುದಿಲ್ಲ. 10 ಮೀಟರ್ ಸಾಲಿನಲ್ಲಿ ನಿಂತ ಗಣಿಕೆ, ಮುರಿದ ಗಣಿಕೆ ಎಣಿಸಿರಿ. ವಾರಕ್ಕೊಮ್ಮೆ, ಅದೇ ದಿನ, ಅದೇ ಜಾಗ. ಗಾಳಿಗೆ ಒರಗಿದ ಗೋವಿನಜೋಳವನ್ನು ಹಂದಿಯ ಲೆಕ್ಕಕ್ಕೆ ಸೇರಿಸದಿರುವಷ್ಟು ಪ್ರಾಮಾಣಿಕತೆ ಎಣಿಸುವವರಲ್ಲಿ ಇರಬೇಕು. ಸಾಧ್ಯವಿದ್ದರೆ ಎಣಿಸುವವರಿಗೆ ಯಾವ ಹೊಲದಲ್ಲಿ ಉಪಾಯ ಹೂಡಿದೆ ಎಂಬುದೇ ತಿಳಿಯದಿರಲಿ. ಬೇಲಿಯ ವಿಷಯದಲ್ಲಿ ಇದು ಆಗದ ಮಾತು, ವಾಸನೆಯ ದ್ರಾವಣದ ವಿಷಯದಲ್ಲಿ ಆಗುತ್ತದೆ.

ಗಿಡದ ಲೆಕ್ಕದ ಜೊತೆಗೆ ರಾತ್ರಿಗಳ ಲೆಕ್ಕವೂ ಬೇಕು. ಪ್ರತಿ ರಾತ್ರಿಗೆ ಒಂದು ಸಾಲು: ಪ್ರಾಣಿ ಬಂತೇ, ಒಳಗೆ ಹೊಕ್ಕಿತೇ, ಬದುವಿನಿಂದಲೇ ತಿರುಗಿತೇ, ಕಾವಲಿಗೆ ಯಾರಿದ್ದರು, ಮಳೆ ಇತ್ತೇ, ತಿಥಿ ಯಾವುದು. ತಿಥಿ ಬರೆಯುವುದು ಅಂಧಶ್ರದ್ಧೆಯಲ್ಲ. ಅಮಾವಾಸ್ಯೆಯ ಕತ್ತಲೆಗೂ ಹುಣ್ಣಿಮೆಯ ಬೆಳಕಿಗೂ ಪ್ರಾಣಿಯ ಓಡಾಟ ಬದಲಾಗಬಹುದು, ಅದನ್ನು ನಿಮ್ಮ ಉಪಾಯದ ಫಲವೆಂದು ತಪ್ಪು ತಿಳಿಯಬಾರದು.

ಆರನೆಯ ಹೆಜ್ಜೆ: ಉಪಾಯವನ್ನು ಆರಿಸುವುದು

ಪೇಟೆಯಲ್ಲಿ ಸಿಗುವ ಯಂತ್ರದಿಂದ ಅಲ್ಲ, ಊರಿನಲ್ಲಿ ಈಗಾಗಲೇ ಇರುವುದರಿಂದ ಆರಂಭಿಸಿರಿ. ಸೀರೆ, ಕುಸುಬೆ ಸಾಲು, ಗಾಳಿಗೆ ಒಂದಕ್ಕೊಂದು ತಾಗುವ ಖಾಲಿ ಬಾಟಲಿಗಳು, ಕ್ಷೌರದಂಗಡಿಯ ಕೂದಲು, ಅಟ್ಟಣಿಗೆಯ ಮೇಲಿನ ಕಾವಲು, ಇವುಗಳಿಗೆ ಖರ್ಚು ಕಡಿಮೆ, ಫಲ ಕಂಡರೆ ಮರುದಿನವೇ ಊರು ಅನುಸರಿಸುತ್ತದೆ. ಪ್ರತಿಯೊಂದಕ್ಕೂ "ಇದು ಯಾಕೆ ಕೆಲಸ ಮಾಡಬೇಕು?" ಎಂಬ ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಕೂದಲು ಹಂದಿಯ ಮೂಗಿಗೆ ತಾಗಿ ಕಿರಿಕಿರಿ ಮಾಡುತ್ತದೆ ಎನ್ನುವುದಾದರೆ ಮಳೆ ಬಿದ್ದು ಅದು ಮಣ್ಣಿನಲ್ಲಿ ಕೂತ ಮೇಲೆ ಫಲ ಇಳಿಯಬೇಕು. ಅದನ್ನೂ ಪರೀಕ್ಷಿಸಬಹುದು.

ಸೌರಬೇಲಿ ಬೇರೆ ತೂಕದ ಉಪಾಯ. ಅರಣ್ಯ ಇಲಾಖೆ ಅದಕ್ಕೆ ಸಹಾಯಧನವನ್ನೂ ಕೊಡುತ್ತ ಬಂದಿದೆ. ಬ್ಯಾಟರಿಯಿಂದ ನಡೆಯುವ ಎನರ್ಜೈಸರ್ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಕಾಲ, ಸಾವಿರಾರು ವೋಲ್ಟಿನ ಹೊಡೆತ ಕೊಡುತ್ತದೆ. ಕೊಲ್ಲದಿರುವುದಕ್ಕೆ ಕಾರಣ ಹೊಡೆತದ ಕಾಲ ಮತ್ತು ಶಕ್ತಿಯ ಮಿತಿ. ಈ ಯಂತ್ರಗಳ ಅಂತರರಾಷ್ಟ್ರೀಯ ಮಾನದಂಡ ಒಂದು ಹೊಡೆತಕ್ಕೆ 5 ಜೂಲ್ ಎಂಬ ಮಿತಿ ಹಾಕಿದೆ. ಗುರುತಿಲ್ಲದ ಅಗ್ಗದ ಯಂತ್ರ ತಂದು ಪ್ರಯೋಗ ಮಾಡಬೇಡಿ. ಬೇಲಿ ಕೆಲಸ ಮಾಡದಿರುವುದಕ್ಕೆ ನಮ್ಮ ಕಡೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಹುಲ್ಲು ಬೆಳೆದು ತಂತಿಗೆ ತಾಗಿ ಶಕ್ತಿಯೆಲ್ಲ ನೆಲಕ್ಕೆ ಸೋರುವುದು. ಇನ್ನೊಂದು, ಅರ್ಥಿಂಗ್. ಪ್ರಾಣಿಯ ಮೈಯಿಂದ ನೆಲದ ಮೂಲಕ ಕರೆಂಟು ಯಂತ್ರಕ್ಕೆ ಮರಳಿದರೆ ಮಾತ್ರ ಹೊಡೆತ ತಾಗುತ್ತದೆ. ಬೇಸಿಗೆಯಲ್ಲಿ ಎರೆನೆಲ ಒಣಗಿ ಬಿರುಕುಬಿಟ್ಟಾಗ ಆ ದಾರಿ ಕಡಿಯುತ್ತದೆ. ಅಂಥಲ್ಲಿ ಒಂದು ತಂತಿ ಕರೆಂಟಿನದು, ಒಂದು ಅರ್ಥಿಂಗಿನದು ಎಂದು ಒಂದರ ಮೇಲೊಂದು ಕಟ್ಟಬೇಕು. ವಾರಕ್ಕೊಮ್ಮೆ ಬೇಲಿಯ ದೂರದ ತುದಿಯಲ್ಲಿ ವೋಲ್ಟೇಜ್ ಅಳೆದು ಬರೆಯದಿದ್ದರೆ, "ಸೌರಬೇಲಿ ವಿಫಲ" ಎಂದು ನೀವು ಬರೆದದ್ದು ಕಳೆ ಕೀಳದ ಬೇಲಿಯ ಕಥೆಯಾಗಿರಬಹುದು. ಆನೆಯ ಸಂಗತಿ ಇನ್ನೂ ಬೇರೆ: ದಂತಕ್ಕೆ ಕರೆಂಟು ಹರಿಯುವುದಿಲ್ಲವೆಂದು ಅದು ಕಲಿಯುತ್ತದೆ, ಮರವನ್ನೇ ಬೇಲಿಯ ಮೇಲೆ ಕೆಡವುತ್ತದೆ.

ಮೆಣಸಿನಕಾಯಿ ಪುಡಿಯನ್ನು ಕುಳ್ಳಿನೊಂದಿಗೆ ಸುಟ್ಟು ಹೊಗೆ ಹಾಕುವ ವಿಧಾನವನ್ನು ಆನೆಗೆ ಬಳಸುತ್ತಾರೆ. ಕೆಲಸ ಮಾಡುವುದು ಖಾರ, ಬಣ್ಣವಲ್ಲ. ನಮ್ಮವರು ಅಭಿಮಾನದಿಂದ ತರುವ ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ. ಅದನ್ನು ಹುಳಿ, ಸಾರಿಗೆ ಇಟ್ಟುಕೊಂಡು ಇದಕ್ಕೆ ಗುಂಟೂರಿನಂಥ ಖಾರದ ಕಾಯಿ ತನ್ನಿ. ಗಾಳಿ ಎತ್ತ ಬೀಸುತ್ತದೋ ಅತ್ತ ಮಾತ್ರ ಹೊಗೆ, ಬೆಂಕಿ ಆರುವವರೆಗೆ ಮಾತ್ರ ಫಲ, ಹೀಗಾಗಿ ಗಾಳಿಯ ದಿಕ್ಕು ನಿಮ್ಮ ನಮೂನೆಯಲ್ಲಿ ಸೇರಬೇಕು. ಆನೆ ಜೇನಿಗೆ ಅಂಜುತ್ತದೆಂದು ಕಟ್ಟುವ ಜೇನುಪೆಟ್ಟಿಗೆಯ ಬೇಲಿ ಕೀನ್ಯಾದಲ್ಲಿ ಹೆಸರು ಮಾಡಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚ್‌ನಲ್ಲಿ ಕೊಡಗಿನಲ್ಲಿ ಇಂಥದೇ ಯೋಜನೆ ಆರಂಭಿಸಿತು. ಅಲ್ಲಿನ ಜೇನಿನ ಸಿಟ್ಟು ನಮ್ಮ ತುಡುವೆಗೆ ಇಲ್ಲ, ರಾತ್ರಿ ಜೇನು ಹಾರುವುದೂ ಇಲ್ಲ, ಆನೆ ಭತ್ತಕ್ಕೆ ಬರುವುದು ರಾತ್ರಿ. ಹಾಗೆಂದು ಕೈಬಿಡಬೇಕಿಲ್ಲ, ಜೇನುತುಪ್ಪವಾದರೂ ಸಿಗುತ್ತದೆ; ಆದರೆ ಕೀನ್ಯಾದ ಫಲಿತಾಂಶವನ್ನು ಖಾನಾಪುರಕ್ಕೆ ಎತ್ತಿ ತಂದು ಇಡಬೇಡಿ. ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಎಲ್ಲಿದೆ ಎಂಬುದನ್ನು ಎಸ್‌ಎಂಎಸ್ ಮತ್ತು ಎತ್ತರದ ಕೆಂಪು ದೀಪಗಳ ಮೂಲಕ ತಿಳಿಸುವ ಏರ್ಪಾಡು ಆನೆಯನ್ನು ತಡೆಯಲು ಹೋಗಲೇ ಇಲ್ಲ, ಮನುಷ್ಯರು ಅದಕ್ಕೆ ಎದುರಾಗದಂತೆ ಮಾಡಿತು. ಎಲ್ಲರೂ ಬೇಲಿಯ ಕಡೆ ನೋಡುವಾಗ ನನಗೆ ಈ ದಾರಿ ಹೆಚ್ಚು ಬುದ್ಧಿವಂತಿಕೆಯದೆಂದು ತೋರುತ್ತದೆ.

ಇದೇ ಸಾಲಿಗೆ ಸೇರುವ, ಯಾರೂ ವನ್ಯಜೀವಿ ವಿಷಯವೆಂದು ತಿಳಿಯದ ಇನ್ನೊಂದು ಉಪಾಯವಿದೆ. ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ತು ರಾತ್ರಿಯೇ ಬರುವ ಊರುಗಳಲ್ಲಿ ರೈತರು ಕತ್ತಲಲ್ಲೇ ಕಬ್ಬಿನೊಳಗೆ ಇಳಿದು ನೀರು ತಿರುವಬೇಕು. ಹಗಲು ವಿದ್ಯುತ್ತು ಬರುವ ಊರಿಗೂ ರಾತ್ರಿ ಬರುವ ಊರಿಗೂ ಕರಡಿ, ಹಂದಿ, ಚಿರತೆಗಳ ಮುಖಾಮುಖಿಯಲ್ಲಿ ವ್ಯತ್ಯಾಸವಿದೆಯೇ ಎಂಬುದು ಒಂದು ಒಳ್ಳೆಯ ಪ್ರಬಂಧದ ವಸ್ತು.

ಕುರಿಗಾರರ ವಿಷಯದಲ್ಲಿ ರಾತ್ರಿಯ ಹಟ್ಟಿ ಮುಖ್ಯ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿ ತರುಬುವಾಗ ಸುತ್ತ ಕಟ್ಟುವ ಬಲೆಯ ಎತ್ತರ, ಮರಿಗಳಿಗೆ ಬೇರೆ ಗೂಡು, ದೀಪ, ನಾಯಿ ಇವುಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು. ಬಾಗಲಕೋಟೆ ಎಂದ ಕೂಡಲೇ ಮುಧೋಳ ನಾಯಿ ನೆನಪಾಗುತ್ತದೆ. ಅದು ಓಟಕ್ಕೂ ಬೇಟೆಗೂ ಹೆಸರಾದ ತಳಿ. ಹಿಂಡು ಕಾಯುವ ನಾಯಿಯ ಗುಣವೇ ಬೇರೆ: ಮರಿಯಾಗಿದ್ದಾಗಿನಿಂದ ಕುರಿಗಳ ನಡುವೆ ಬೆಳೆದು, ತೋಳವನ್ನು ಅಟ್ಟಿಕೊಂಡು ದೂರ ಹೋಗದೆ ಹಿಂಡಿನ ಬಳಿಯೇ ನಿಂತು ಬೊಗಳಬೇಕು.

ಏಳನೆಯ ಹೆಜ್ಜೆ: ಹೋಲಿಕೆಯನ್ನು ಕಟ್ಟುವುದು

ಇದು ಇಡೀ ಕೆಲಸದ ಬೆನ್ನೆಲುಬು, ಮತ್ತು ನಾನು ಸ್ವತಃ ಎಡವಿದ ಜಾಗ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಂದಿಗೆ ಖಾನಾಪುರದ ಒಂದು ಊರಿನಲ್ಲಿ, ಮುಂದೆ ಬಂದ ರೈತರಿಗೆಲ್ಲ ಸೀರೆ ಕೊಟ್ಟೆವು. ಸೀರೆ ಕಟ್ಟಿದ ಹೊಲಗಳಲ್ಲಿ ಹಾನಿ ಕಡಿಮೆ ಕಂಡಿತು, ನಾವು ಹಿಗ್ಗಿದೆವು. ಮರುವರ್ಷ ಅವರಲ್ಲೊಬ್ಬರು ಜ್ವರ ಬಂದು ಮನೆಯಲ್ಲಿ ಮಲಗಿದರು. ಸೀರೆಗಳು ಇದ್ದಲ್ಲೇ ಇದ್ದವು, ಎರಡು ರಾತ್ರಿಯಲ್ಲಿ ಹಂದಿಗಳು ಹೊಲ ಮುಗಿಸಿದವು. ತಾವಾಗಿ ಮುಂದೆ ಬಂದವರು ಊರಿನಲ್ಲೇ ಹೆಚ್ಚು ಕಾಳಜಿಯ ರೈತರು. ಅವರು ಸೀರೆ ಇಲ್ಲದಿದ್ದರೂ ಅಟ್ಟಣಿಗೆಯ ಮೇಲೆ ಮಲಗುತ್ತಿದ್ದರು. ನಾವು ಅಳೆದದ್ದು ಸೀರೆಯನ್ನಲ್ಲ, ಅವರ ನಿದ್ದೆಗೇಡನ್ನು.

ಸರಿಯಾದ ಕ್ರಮ ಹೀಗೆ. ಕಾಡಿನಿಂದ ಒಂದೇ ದೂರದಲ್ಲಿರುವ, ಒಂದೇ ಬೆಳೆಯ, ಒಂದೇ ಬಗೆಯ ಕಾವಲಿರುವ ಹೊಲಗಳನ್ನು ಎರಡೆರಡಾಗಿ ಜೋಡಿಸಿರಿ. ಹತ್ತು ಜೋಡಿಗಳಾದರೂ ಇರಲಿ. ಜೋಡಿಯ ಯಾವ ಹೊಲಕ್ಕೆ ಉಪಾಯ ಎಂಬುದನ್ನು ರೈತರ ಎದುರಿನಲ್ಲೇ ನಾಣ್ಯ ಚಿಮ್ಮಿ ತೀರ್ಮಾನಿಸಿರಿ. ಆಗ ಯಾರಿಗೂ ಮುಲಾಜಿನ ಮಾತು ಉಳಿಯುವುದಿಲ್ಲ. ಜೋಡಿಯ ಎರಡು ಹೊಲಗಳು ಒಂದಕ್ಕೊಂದು ಅಂಟಿಕೊಂಡಿರದಿರಲಿ; ಅಂಟಿಕೊಂಡಿದ್ದರೆ ಒಂದರಿಂದ ಓಡಿದ ಹಂದಿ ಇನ್ನೊಂದಕ್ಕೆ ನುಗ್ಗಿ ವ್ಯತ್ಯಾಸವನ್ನು ಇಮ್ಮಡಿಸುತ್ತದೆ. ಉಪಾಯ ಹೂಡಿದ ಹೊಲಕ್ಕೆ ತಾಗಿದ ಹೊಲಗಳನ್ನು ಮೂರನೆಯ ಗುಂಪಾಗಿ ಬೇರೆಯೇ ಎಣಿಸಿರಿ. ಆರಂಭದಲ್ಲಿ ಹೇಳಿದ ನನ್ನ ಹಟ ಇಲ್ಲಿ ಕೆಲಸಕ್ಕೆ ಬರುತ್ತದೆ: ಆ ಹೊಲಗಳಲ್ಲಿ ಹಾನಿ ಏರಿದ್ದರೆ ನಿಮ್ಮ ಉಪಾಯದ ಬೆಲೆಯನ್ನು ನೆರೆಯವರು ತೆತ್ತಿದ್ದಾರೆ. ಹಂಗಾಮು ಉದ್ದವಾಗಿದ್ದರೆ ನಡುವೆ ಉಪಾಯವನ್ನು ಅದಲುಬದಲು ಮಾಡಬಹುದು. ಕೊನೆಯವರೆಗೂ ಬರಿಗೈಯಲ್ಲಿ ಕೂರಬೇಕೆಂಬ ರೈತರ ಬೇಸರವೂ ತಪ್ಪುತ್ತದೆ. ಚಿಲಿ ದೇಶದಲ್ಲಿ ಲಾಮಾ, ಅಲ್ಪಾಕಾ ಎಂಬ ಸಾಕುಪ್ರಾಣಿಗಳ ಹಿಂಡುಗಳಿಗೆ ಮಿನುಗುವ ದೀಪ ಹಾಕಿ ಹೀಗೆ ಅದಲುಬದಲಾಗಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀಪ ಪೂಮಾವನ್ನು (ಬೆಕ್ಕಿನ ಜಾತಿಯ ದೊಡ್ಡ ಬೇಟೆಪ್ರಾಣಿ) ತಡೆಯಿತು, ಅಲ್ಲಿನ ನರಿಯನ್ನು ತಡೆಯಲಿಲ್ಲ. ಇದೇ ದೀಪವನ್ನು "ಎಲ್ಲ ಪ್ರಾಣಿಗೂ" ಎಂದು ಮಾರುವವರಿಗೆ ಈ ಸಂಗತಿ ಹೇಳಿ ನೋಡಿ.

ಹೋಲಿಕೆಯ ಗುಂಪು ಹೇಗಿರಬೇಕೆಂಬುದಕ್ಕೆ ಬೋಟ್ಸ್ವಾನಾದ ಒಕವಾಂಗೊ ಪ್ರದೇಶದಿಂದ 2020ರಲ್ಲಿ ಬಂದ ಕೆಲಸವನ್ನು ನಾನು ತರಗತಿಯಲ್ಲಿ ಯಾವಾಗಲೂ ಹೇಳುತ್ತೇನೆ. ಹೊಂಚು ಹಾಕುವ ಪ್ರಾಣಿ ತನ್ನನ್ನು ಬೇಟೆ ಕಂಡಿತೆಂದು ತಿಳಿದರೆ ಹಿಂಜರಿಯುತ್ತದೆ ಎಂಬ ಊಹೆಯ ಮೇಲೆ ಅಲ್ಲಿನ ಸಂಶೋಧಕರು ದನಗಳ ಹಿಂಭಾಗದಲ್ಲಿ ಕಣ್ಣುಗಳನ್ನು ಬರೆದರು. 14 ಹಿಂಡುಗಳ 2,061 ದನ, ನಾಲ್ಕು ವರ್ಷ. ಏನೂ ಬರೆಯದ 835ರಲ್ಲಿ 15 ಬಲಿಯಾದವು. ಕಣ್ಣು ಬರೆದ 683ರಲ್ಲಿ ಒಂದೂ ಇಲ್ಲ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅವರು 543 ದನಗಳಿಗೆ ಬರಿಯ ಅಡ್ಡಗೀಟು ಬರೆದಿದ್ದರು, ಅವುಗಳಲ್ಲಿ 4 ಸತ್ತವು. ಬಣ್ಣ, ಹೊಸತನ, ಮನುಷ್ಯನ ವಾಸನೆ ಕೂಡ ಸ್ವಲ್ಪ ತಡೆದಿರಬಹುದು, ಕಣ್ಣು ಅದಕ್ಕಿಂತ ಹೆಚ್ಚು ತಡೆಯಿತು ಎಂದು ಹೇಳಲು ಆ ಅಡ್ಡಗೀಟಿನ ಗುಂಪು ಬೇಕಾಯಿತು. ನಿಮ್ಮ ಸೀರೆಗೆ ಅಡ್ಡಗೀಟು ಯಾವುದು? ಪ್ರಾಯಶಃ ಸೀರೆಯಿಲ್ಲದ ಬರೀ ಗೂಟ ಮತ್ತು ಹಗ್ಗ.

ಲೆಕ್ಕಕ್ಕೆ ಕಂಪ್ಯೂಟರು ಬೇಕೆಂದಿಲ್ಲ. ಉಪಾಯದಿಂದ ಏನೂ ಪ್ರಯೋಜನವಿಲ್ಲ ಎಂದಿಟ್ಟುಕೊಂಡರೆ, ಜೋಡಿಯಲ್ಲಿ ಯಾವ ಹೊಲಕ್ಕೆ ಹಾನಿ ಕಡಿಮೆ ಎಂಬುದು ನಾಣ್ಯ ಚಿಮ್ಮಿದಂತೆ. ಹತ್ತು ನಾಣ್ಯ ಚಿಮ್ಮಿದರೆ ಬರಬಹುದಾದ 1,024 ಕ್ರಮಗಳಲ್ಲಿ ಏಳು ಅಥವಾ ಹೆಚ್ಚು ರಾಜ ಬೀಳುವವು 176, ಅಂದರೆ ನೂರಕ್ಕೆ 17. ಎಂಟು ಅಥವಾ ಹೆಚ್ಚು ಬೀಳುವವು 56, ನೂರಕ್ಕೆ ಐದೂವರೆ. ಒಂಬತ್ತು ಅಥವಾ ಹೆಚ್ಚು ಬೀಳುವವು 11, ನೂರಕ್ಕೆ ಒಂದರಷ್ಟು. ಹತ್ತರಲ್ಲಿ ಏಳು ಜೋಡಿ ಗೆದ್ದರೆ ಹಿಗ್ಗಬೇಡಿ, ಅದು ಅದೃಷ್ಟದಿಂದಲೂ ಆದೀತು; ಒಂಬತ್ತು ಗೆದ್ದರೆ ಊರವರನ್ನು ಕರೆದು ಹೇಳಬಹುದು.

ಚಿರತೆಯಂಥ ಅಪರೂಪದ ಘಟನೆಗಳು

ಮೇಲಿನ ಲೆಕ್ಕ ಪದೇಪದೇ ಆಗುವ ಹಾನಿಗೆ. ಚಿರತೆ ಊರಿಗೆ ಬಂದದ್ದು ವರ್ಷಕ್ಕೊಮ್ಮೆಯ ಮಾತಾದರೆ ಜೋಡಿ ಹೊಲದ ಪರೀಕ್ಷೆ ನಡೆಯದು. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಬಳಿ ಚಿರತೆ ಕಾಣಿಸಿಕೊಂಡಾಗ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟು, ಸಕ್ರೆಬೈಲಿನಿಂದ ಆನೆಗಳನ್ನು ತರಿಸಿ ವಾರಗಟ್ಟಲೆ ಹುಡುಕಿದರೂ ಅದು ಸಿಗಲಿಲ್ಲ. ಅಂಥ ಸಂದರ್ಭದಲ್ಲಿ ಸಂಶೋಧಕರು ಮಾಡಬಹುದಾದದ್ದು ಮಾಹಿತಿಯ ಜಾಲರಿ ಹಿಡಿಯುವ ಕೆಲಸ: ಕಂಡೆ ಎಂದವರ ಹೇಳಿಕೆ, ಹೊತ್ತು, ಜಾಗ, ಹೆಜ್ಜೆಯ ಚಿತ್ರ ಇವುಗಳನ್ನು ಬೇರ್ಪಡಿಸಿ, ಮೊಬೈಲಿನಲ್ಲಿ ಹರಿದಾಡಿದ ಹಳೆಯ ಚಿತ್ರಗಳನ್ನು ಸೋಸುವುದು. ಹಿಡಿದು ದೂರ ಬಿಡುವುದೂ ಕೊಲ್ಲದ ಉಪಾಯವೇ ಎಂದು ಎಲ್ಲರೂ ನಂಬಿದ್ದಾರೆ. ನಮ್ಮ ನೆರೆಯ ಮಹಾರಾಷ್ಟ್ರದ ಜುನ್ನರ್ ಅರಣ್ಯ ವಿಭಾಗದಲ್ಲಿ ಹಾಗೆ ಹಿಡಿದು ಬಿಡುವ ಕಾರ್ಯಕ್ರಮ ಆರಂಭವಾದ ಮೇಲೆ ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4ರಿಂದ 17ಕ್ಕೆ ಏರಿತೆಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. ಕಬ್ಬಿನಲ್ಲಿ ಮರಿಯಿಟ್ಟ ಚಿರತೆಯನ್ನು ಕಂಡರೆ ಹತ್ತಿರ ಹೋಗದೆ ಅರಣ್ಯ ಸಹಾಯವಾಣಿ 1926ಕ್ಕೆ ತಿಳಿಸುವುದಷ್ಟೇ ನಿಮ್ಮ ಪಾಲಿನ ಕೆಲಸ.

ಎಂಟನೆಯ ಹೆಜ್ಜೆ: ಖರ್ಚು

ಗೂಟ, ತಂತಿ, ಸೀರೆಗಳ ಬೆಲೆಯನ್ನು ಎಲ್ಲರೂ ಬರೆಯುತ್ತಾರೆ. ಕಳೆ ಕಿತ್ತ ಆಳಿನ ಕೂಲಿ, ಕಾವಲಿನ ರಾತ್ರಿಗಳು, ಕುಸುಬೆ ಸಾಲಿಗೆ ಬಿಟ್ಟುಕೊಟ್ಟ ನೆಲ, ಅದೇ ಕುಸುಬೆಯಿಂದ ಬಂದ ಎಣ್ಣೆಕಾಳು, ಇವೂ ಬರಲಿ. ಎಕರೆಗೆ ಖರ್ಚಾದದ್ದು ಉಳಿದ ಬೆಳೆಯ ಬೆಲೆಗಿಂತ ಹೆಚ್ಚಾದರೆ ಎಷ್ಟೇ ಚೆಂದದ ಉಪಾಯವಾದರೂ ರೈತರು ಎರಡನೆಯ ವರ್ಷ ಅದನ್ನು ಮುಟ್ಟುವುದಿಲ್ಲ.

ಒಂಬತ್ತನೆಯ ಹೆಜ್ಜೆ: ಊರಿಗೆ ಮರಳಿ ಒಪ್ಪಿಸುವುದು

ವರದಿಯನ್ನು ವಿಶ್ವವಿದ್ಯಾಲಯಕ್ಕೆ ಕೊಡುವ ಮೊದಲು ಗ್ರಾಮಸಭೆಯಲ್ಲಿ ಓದಿರಿ. ಫಲಿಸದ ಉಪಾಯಗಳನ್ನೂ ಅಷ್ಟೇ ವಿವರವಾಗಿ ಹೇಳಿರಿ; ಇಲ್ಲವಾದರೆ ಮುಂದಿನ ತಾಲ್ಲೂಕಿನವರು ಅದಕ್ಕೇ ಮತ್ತೆ ದುಡ್ಡು ಹಾಕುತ್ತಾರೆ. ಯಾರ ಹೊಲ ಯಾವುದೆಂದು ತಿಳಿಯುವಂತೆ ನಕ್ಷೆ ಪ್ರಕಟಿಸಬೇಡಿ. ತೋಳದ ಗವಿ, ಭೀಮಗಡದ ಬಾವಲಿಗಳಿರುವ ಗುಹೆಗಳಂಥ ಜಾಗಗಳ ನಿಖರ ಗುರುತು ನಿಮ್ಮ ಪುಸ್ತಕ ಬಿಟ್ಟು ಹೊರಗೆ ಹೋಗಬಾರದು. ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲಿ, ಒಂದು ಪ್ರತಿ ವಲಯ ಅರಣ್ಯಾಧಿಕಾರಿಗಳಲ್ಲಿ ಇರಲಿ. ಹೊಸದಕ್ಕೆ ಅಂಜಿದ ಪ್ರಾಣಿ ಕೆಲವೇ ವಾರಗಳಲ್ಲಿ ಒಗ್ಗಿಕೊಳ್ಳಬಹುದಾದ್ದರಿಂದ ಅವೇ ಜೋಡಿ ಹೊಲಗಳನ್ನು, ಅದೇ ಹಗ್ಗ, ಅದೇ ಚೌಕಟ್ಟಿನಿಂದ, ಮರುವರ್ಷದ ಹಂಗಾಮಿನಲ್ಲೂ ಅಳೆಯಬೇಕು. ಚೌಕಟ್ಟನ್ನು ಊರಿನಲ್ಲೇ ಒಬ್ಬರ ಮನೆಯ ಅಟ್ಟದ ಮೇಲೆ ಇಟ್ಟು ಬನ್ನಿ.